ಸಣ್ಣಗ ಹಚ್ಚು

ನಮ್ಮ ಮನೆಗೆ ಮೊದಲ ರೇಡಿಯೋ ಬಂದಾಗ ನಾನು ಎರಡನೇ ಇಯತ್ತೆಯಲ್ಲಿದ್ದೆ. ವರ್ಷಕ್ಕೊಮ್ಮೆ ಪೋಸ್ಟಾಫೀಸಿಗೆ ಹೋಗಿ ಲೈಸೆನ್ಸಿನ ರೊಕ್ಕ ಕಟ್ಟಿ ರೇಡಿಯೋ ಕೇಳಬೇಕಾಗಿದ್ದ ಕಾಲ ಅದು. ಅಪ್ಪ ಅದನ್ನು ಪಡಸಾಲೆಯ ಮಾಡದಲ್ಲಿಟ್ಟು, ಕೈಮುಗಿದು, ಗುಂಡಿ ತಿರುವಿದ. ಧಾರವಾಡ ಆಕಾಶವಾಣಿಯವರು ಇನ್ನೂ ಬಾಯಿ ತೆರೆದಿರಲಿಲ್ಲ, ಅಡುಗೆಮನೆಯಿಂದ ಅವ್ವನ ದನಿ ಬಂತು: “ಸಣ್ಣಗ ಹಚ್ಚರಿ.”

ಐವತ್ತು ವರ್ಷ ಕಳೆದವು. ರೇಡಿಯೋ ಹೋಗಿ ಟೇಪು ಬಂತು, ಟೇಪು ಹೋಗಿ ಸಿಡಿ ಬಂತು, ಸಿಡಿ ಹೋಗಿ ಮೊಬೈಲು ಬಂತು. ಗುಂಡಿ ತಿರುವುವ ಕೈ ಅಪ್ಪನದು ಹೋಗಿ ನನ್ನದಾಯಿತು. ಅವ್ವನ ಮಾತು ಮಾತ್ರ ಅಲ್ಲೇ ಇದೆ. “ಹಚ್ಚರಿ” ಇದ್ದದ್ದು “ಹಚ್ಚಪಾ” ಆಯಿತು, ಅಷ್ಟೇ.

ಹಾಗೆಂದು ನಮ್ಮ ನಿಡಸೋಸಿ ಸದ್ದಿಗೆ ಹೆದರುವ ಊರಲ್ಲ. ಸಂಕೇಶ್ವರದ ಮಗ್ಗುಲಲ್ಲೇ ಇರುವುದರಿಂದ ಪುಣೆ-ಬೆಂಗಳೂರು ಹೆದ್ದಾರಿಯ ಗದ್ದಲ ನಮಗೆ ದೂರದ್ದಲ್ಲ. ದುರದುಂಡೀಶ್ವರ ಮಠದಲ್ಲಿ ಶಿವರಾತ್ರಿಗೆ ಭಜನೆ ಶುರುವಾದರೆ ದೇವರಿಗಷ್ಟೇ ಅಲ್ಲ, ಊರಿಗೇ ಜಾಗರಣೆ. ಇನ್ನು ಕಬ್ಬಿನ ಹಂಗಾಮಿನ ಮಾತೇ ಬೇರೆ. ಹಿರಣ್ಯಕೇಶಿ ಸಕ್ಕರೆ ಕಾರ್ಖಾನೆಯ ಕಡೆ ಎರಡೆರಡು ಟ್ರೇಲರು ಎಳೆದುಕೊಂಡು ಹೋಗುವ ಟ್ರ್ಯಾಕ್ಟರು ಕಣ್ಣಿಗೆ ಬೀಳುವ ಮೊದಲು ಅದರ ಡೊಳ್ಳಿನ ಪದ ಎದೆಗೆ ಬಡಿಯುತ್ತದೆ. ಕಬ್ಬಿನ ತೂಕ ಕಾರ್ಖಾನೆಯ ಕಾಟಾದ ಮೇಲಾದರೆ, ಡ್ರೈವರನ ತೂಕ ಅವನು ಕೂಡಿಸಿಕೊಂಡ ಸ್ಪೀಕರಿನ ಮೇಲೆ. ಮದುವೆಯೂ ಹಾಗೇ. ಊಟಕ್ಕೆ ಎಷ್ಟು ಜನ ಇದ್ದರು ಎಂದು ಕೇಳುವ ಮೊದಲು ಎಷ್ಟು ಹಾರ್ನು ಕಟ್ಟಿದ್ದರು ಎಂದು ಕೇಳುವವರನ್ನು ನಾನು ಬಲ್ಲೆ. ‘ಅಹುಜಾ’ ಎಂಬುದು ಒಂದು ಕಂಪನಿಯ ಹೆಸರು ಎಂದು ನನಗೆ ಗೊತ್ತಾದದ್ದು ದೊಡ್ಡವನಾದ ಮೇಲೆ. ಅಲ್ಲಿಯವರೆಗೆ ಹುಣಸೆ ಗಿಡಕ್ಕೆ ಕಟ್ಟುವ ಆ ತಗಡಿನ ಹೂವಿಗೇ ಅಹುಜಾ ಅನ್ನುತ್ತಾರೆಂದು ತಿಳಿದಿದ್ದೆ.

ಇದಕ್ಕೆ ನಮ್ಮ ಸೀಮೆಯ ಗಂಟಲೇ ಕಾರಣ ಇರಬೇಕು. ಶ್ರೀಕೃಷ್ಣ ಪಾರಿಜಾತವನ್ನು ಆಟವಾಗಿ ಬೆಳೆಸಿದ ಕುಲಗೋಡ ತಮ್ಮಣ್ಣ ಈಗಿನ ಮೂಡಲಗಿ ತಾಲ್ಲೂಕಿನವನು. ಆ ಆಟಕ್ಕೆ ನಾಡಿನಲ್ಲೆಲ್ಲ ಹೆಸರು ತಂದ ಕೌಜಲಗಿ ನಿಂಗಮ್ಮ ಗೋಕಾಕ ಸೀಮೆಯವಳು. ಮೈಕು ಇನ್ನೂ ಕಾಲಿಡದ ಬಯಲಲ್ಲಿ, ಬೆಳತನಕ, ಕೊನೆಯ ಸಾಲಿನಲ್ಲಿ ಕಂಬಳಿ ಹೊದ್ದು ತೂಕಡಿಸುವವನನ್ನೂ ಎಬ್ಬಿಸುವಂತೆ ಹಾಡಬೇಕಿತ್ತು. ನಮ್ಮದೇ ಹುಕ್ಕೇರಿ ತಾಲ್ಲೂಕಿನ ಘೋಡಗೇರಿಯಲ್ಲಿ ಹುಟ್ಟಿದ ಚಂದ್ರಶೇಖರ ಕಂಬಾರರು ತಮ್ಮ ಪದ್ಯವನ್ನು ತಾವೇ ಎತ್ತಿ ಹಾಡಿದ್ದನ್ನು ಕೇಳಿದವರಿಗೆ ಈ ಬಯಲ ಗಂಟಲು ಎಂದರೇನೆಂದು ಹೇಳಬೇಕಾಗಿಲ್ಲ. ಇಂಥ ಸೀಮೆಯಲ್ಲಿ ಸಣ್ಣಗೆ ಹಚ್ಚುವುದು ಎಂದರೆ ಜೋಳದ ರೊಟ್ಟಿಯನ್ನು ಚಮಚದಲ್ಲಿ ತಿನ್ನುವಷ್ಟೇ ಮುಜುಗರ.

ನಾನೂ ಈ ಬಯಲಿನವನೇ. ಕಾಲೇಜಿನ ದಿನಗಳಲ್ಲಿ ಒಂದು ಆಂಪ್ಲಿಫೈಯರು ಕಟ್ಟಿಸಿದ್ದೆ. ಟೀವಿ ರಿಪೇರಿಯವನೊಬ್ಬ ಹನ್ನೆರಡು ವೋಲ್ಟಿನ ಟ್ರಾನ್ಸ್‌ಫಾರ್ಮರಿಗೆ ‘4440’ ಐಸಿ ಬೋರ್ಡು ಜೋಡಿಸಿ, ತಗಡಿನ ಡಬ್ಬಿಯಲ್ಲಿಟ್ಟು ಕೊಟ್ಟಿದ್ದ. ನಾಡಿನ ಸಣ್ಣ ಊರುಗಳಲ್ಲಿ ಒಂದು ತಲೆಮಾರು ಹಾಡು ಕೇಳಿದ್ದು ಈ ಐಸಿಯ ಪುಣ್ಯದಿಂದ. ಜಪಾನಿನ ಸಾನ್ಯೋ ಕಂಪನಿ ಇದನ್ನು ತಯಾರಿಸಿದ್ದು ಎಡಕ್ಕೆ ಆರು ವ್ಯಾಟು, ಬಲಕ್ಕೆ ಆರು ವ್ಯಾಟು ಎಂದು. ನಾವು ಮಾತ್ರ ಅದರಿಂದ ಊರನ್ನೇ ಎಬ್ಬಿಸಲು ನೋಡುತ್ತಿದ್ದೆವು. ಎಂಟಿಂಚಿನ ಸ್ಪೀಕರು ಬಿಡಿಯಾಗಿ ಸಿಕ್ಕಿತು, ಅದನ್ನು ಕೂಡಿಸಲು ಪೆಟ್ಟಿಗೆ ಇರಲಿಲ್ಲ. ಆಗ ಗೆಳೆಯನೊಬ್ಬ ಹೇಳಿದ ಉಪಾಯ ಗಡಿಗೆ. ಗಡಿಗೆಯ ಬಾಯಿಗೆ ಸ್ಪೀಕರನ್ನು ಬೋರಲು ಕೂಡಿಸಿದರೆ ಅಬ್ಬಾ ಆ ಬೇಸು! ಕಾಗದದ ಶಂಕು ಮುಂದೆ ತಳ್ಳಿದ ಗಾಳಿಯೂ ಹಿಂದೆ ತಳ್ಳಿದ ಗಾಳಿಯೂ ಒಂದನ್ನೊಂದು ಕೊಲ್ಲುತ್ತವೆ, ನಡುವೆ ಒಂದು ಗೋಡೆ ಬೇಕು. ಆ ಗೋಡೆಯನ್ನು ಕುಂಬಾರ ಮಾಡಿಕೊಟ್ಟಿದ್ದ. ಬಾಯಿ ಸಣ್ಣದು, ಹೊಟ್ಟೆ ದೊಡ್ಡದು ಇರುವ ಪಾತ್ರೆಯೊಳಗಿನ ಗಾಳಿ ತನ್ನದೇ ಒಂದು ಸ್ವರಕ್ಕೆ ಮಿಡಿಯುತ್ತದೆ ಎಂದು ಜರ್ಮನಿಯ ಹೆಲ್ಮ್‌ಹೋಲ್ಟ್ಸ್ ಲೆಕ್ಕ ಹಾಕಿದ್ದು ಹತ್ತೊಂಬತ್ತನೆಯ ಶತಮಾನದಲ್ಲಿ. ಇವತ್ತಿನ ಸ್ಪೀಕರ್ ಪೆಟ್ಟಿಗೆಗೆ ಒಂದು ದುಂಡನೆಯ ತೂತು ಇರುತ್ತದಲ್ಲ, ಅದೂ ಇದೇ ಗಡಿಗೆಯ ಬಾಯಿ. ಆದರೆ ಆ ದಿನ ನನಗೆ ಹೆಲ್ಮ್‌ಹೋಲ್ಟ್ಸ್ ಗೊತ್ತಿರಲಿಲ್ಲ. ಅವ್ವನಿಗೂ ಗೊತ್ತಿರಲಿಲ್ಲ. ಅವಳಿಗೆ ಗೊತ್ತಿದ್ದದ್ದು ಮಜ್ಜಿಗೆಯ ಗಡಿಗೆ ಕಾಣೆಯಾಗಿದೆ ಎಂಬುದು. ಸಂಜೆಗೆ ಗಡಿಗೆ ಒಲೆಯ ಮಗ್ಗುಲಿಗೆ ಮರಳಿತು, ಸ್ಪೀಕರು ಅಟ್ಟ ಸೇರಿತು.

ಮಾಸ್ತರಿಕೆ ಮುಗಿಸಿ ಮನೆಯಲ್ಲಿ ಕೂತ ಮೇಲೆ ಮತ್ತೆ ಕೇಳುವ ಹಂಬಲ ಹತ್ತಿತು. ಒಂದು ರಾತ್ರಿ ಮಲ್ಲಿಕಾರ್ಜುನ ಮನಸೂರರನ್ನು ಮೊಬೈಲಿನಲ್ಲೇ ಹಚ್ಚಿ ಕಣ್ಣು ಮುಚ್ಚಿದ್ದೆ. ನಮ್ಮಾಕಿ ಅವರೆಕಾಯಿ ಬಿಡಿಸುತ್ತ ಅಂದಳು, “ಡಬ್ಬ್ಯಾಗ ನೊಣ ಹೊಕ್ಕಾಂಗ ಕೇಳ್ತೈತಿ ನೋಡ್ರಿ.” ಮನಸೂರರಿಗೆ ಆದ ಈ ಅಪಚಾರಕ್ಕೆ ನಾನೇ ಹೊಣೆ ಅನ್ನಿಸಿ ನಿದ್ದೆ ಬರಲಿಲ್ಲ.

ಮರುದಿನ ಅಕ್ಕನ ಮಗನನ್ನು ಕರೆಸಿದೆ. ನಮ್ಮೂರಲ್ಲೇ 1996ರಲ್ಲಿ ಶುರುವಾದ ಹಿರಾಶುಗರ್ ಎಂಜಿನಿಯರಿಂಗ್ ಕಾಲೇಜು ಇರುವುದರಿಂದ ಇಂಥ ಪೇಚಿಗೆ ಪರಿಣತರು ಓಣಿಗೊಬ್ಬರು ಸಿಗುತ್ತಾರೆ. ಇವನೂ ಅಲ್ಲೇ ಎಲೆಕ್ಟ್ರಾನಿಕ್ಸ್ ಓದುವವನು.

“ಮಾಮಾ, ನಿಮಗ ಬೇಕಾದದ್ದು ಪವರ್ಡ್ ಬುಕ್‌ಶೆಲ್ಫ್ ಸ್ಪೀಕರ್ ನೋಡ್ರಿ.”

“ಅಂದ್ರ?”

“ಪುಸ್ತಕದ ಕಪಾಟಿನ್ಯಾಗ ಇಡು ಅಷ್ಟು ಸಣ್ಣ ಸ್ಪೀಕರ್‍ರಿ.”

ನಮ್ಮಾಕಿ ತಲೆ ಎತ್ತಲಿಲ್ಲ. “ತರಸ್ರಿ ತರಸ್ರಿ. ಮೂವತ್ತು ವರ್ಷದಾಗ ಆ ಕಪಾಟಿನಿಂದ ಒಂದು ಚಲೋ ಮಾತು ಹೊರಗ ಬಂದಿಲ್ಲ.”

ಅಳಿಯ ಬಿಡಿಸಿ ಹೇಳಿದ. ಸಾದಾ ಸ್ಪೀಕರಿಗೆ ಆಂಪ್ಲಿಫೈಯರು ಬೇರೆ ಕೊಳ್ಳಬೇಕು. ಪವರ್ಡ್ ಎಂದರೆ ಅದನ್ನು ಹೊಟ್ಟೆಯಲ್ಲೇ ಇಟ್ಟುಕೊಂಡದ್ದು. ಜೋಡಿಯಲ್ಲಿ ಸಾಮಾನ್ಯವಾಗಿ ಒಂದರೊಳಗೆ ಮಷೀನೆಲ್ಲ ಇರುತ್ತದೆ, ಇನ್ನೊಂದಕ್ಕೆ ಅಲ್ಲಿಂದ ಒಂದು ವಾಯರು ಅಷ್ಟೇ. ಒಬ್ಬ ದುಡಿಯುವವ, ಒಬ್ಬ ಮಗ್ಗುಲಿಗೆ ಕೂತು ಹೂಂಗುಡುವವ. ನೋಡಿದವರಿಗೆ ಇಬ್ಬರೂ ಒಂದೇ. ಕೂಡು ಕುಟುಂಬದಲ್ಲಿ ಬೆಳೆದ ನನಗೆ ಇದು ಲಗೂನೆ ತಿಳಿಯಿತು.

ಆಮೇಲೆ ಯಾದಿ ತೆಗೆದ. ಕ್ರಿಯೇಟಿವ್ ಪೆಬಲ್: ಎರಡಿಂಚಿನ ಗುಂಡು ಜೋಡಿ, ಕಂಪ್ಯೂಟರಿನ ಯುಎಸ್‌ಬಿಯಿಂದಲೇ ಕರೆಂಟು ಕುಡಿಯುತ್ತದೆ, ಎಲ್ಲಕ್ಕಿಂತ ಅಗ್ಗ. ಎಡಿಫೈಯರ್ ಆರ್1280ಟಿ: ಕಟ್ಟಿಗೆಯ ಪೆಟ್ಟಿಗೆ, ನಾಲ್ಕಿಂಚಿನ ಬೇಸು, ಮೇಲೆ 13 ಮಿಲಿಮೀಟರಿನ ರೇಷ್ಮೆ ಬಟ್ಟೆಯ ಟ್ವೀಟರು, ಎರಡೂ ಕೂಡಿ 42 ವ್ಯಾಟು, ಮಗ್ಗುಲಲ್ಲಿ ಬೇಸು-ಟ್ರೆಬಲ್ ತಿರುವುವ ಗುಂಡಿಗಳು. ಅದರ ತಮ್ಮ ಆರ್1280ಡಿಬಿಗೆ ಬ್ಲೂಟೂತು, ಟೀವಿಯ ಆಪ್ಟಿಕಲ್ ವಾಯರಿಗೂ ಜಾಗ. ಪ್ರಿಸೋನಸ್ ಎರಿಸ್ 3.5: ಹೆಸರಿನಲ್ಲೇ ಇರುವಂತೆ ಮೂರೂವರೆ ಇಂಚು, ಒಂದೊಂದಕ್ಕೆ 25 ವ್ಯಾಟು, ಹಾಡು ಮುದ್ರಿಸುವವರ ಮೇಜಿಗೆಂದು ಮಾಡಿದ್ದು, ಕೆಳಗೆ 80 ಹರ್ಟ್ಜ್‌ವರೆಗೆ ಇಳಿಯುತ್ತದೆ ಎಂದು ಕಂಪನಿಯ ಲೆಕ್ಕ.

“ಬರೀ 42 ವ್ಯಾಟ್ ಏನೋ? ಸಂತ್ಯಾಗ ಐದು ಸಾವಿರ ವ್ಯಾಟಿನ ಡಬ್ಬಿ ಮಾರ್ತಾರಲ್ಲೋ?”

ಅಳಿಯ ನಕ್ಕ. ಆ ಐದು ಸಾವಿರ ‘ಪಿಎಂಪಿಓ’ ಅಂತೆ. ಕಣ್ಣು ಮಿಟುಕಿಸುವಷ್ಟು ಹೊತ್ತಿಗೆ ಎಷ್ಟು ಜಿಗಿದೀತು ಎಂಬುದನ್ನು ಕಂಪನಿ ತನಗೆ ಬೇಕಾದಂತೆ ಅಳೆದು ಡಬ್ಬಿಯ ಮೇಲೆ ಬರೆದುಕೊಳ್ಳುವ ಅಂಕಿ. ‘ಆರ್‌ಎಂಎಸ್’ ಎಂದರೆ ದಮ್ಮು ಕಟ್ಟದೆ ಸತತ ದುಡಿಯುವ ಶಕ್ತಿ. ಮೊದಲನೆಯದು ಜಾತ್ರೆಯಲ್ಲಿ ಕಲ್ಲು ಎತ್ತುವವನ ಬಲ, ಎರಡನೆಯದು ಇಡೀ ದಿನ ಕುಂಟೆ ಹೊಡೆಯುವವನ ಬಲ. ಅದೂ ಅಲ್ಲದೆ ವ್ಯಾಟು ದುಪ್ಪಟ್ಟಾದರೆ ಸದ್ದು ದುಪ್ಪಟ್ಟಾಗುವುದಿಲ್ಲ, ಏರುವುದು ಮೂರು ಡೆಸಿಬೆಲ್ ಮಾತ್ರ. ಕಿವಿಗೆ ಎರಡು ಪಟ್ಟು ಅನ್ನಿಸಬೇಕಾದರೆ ಸುಮಾರು ಹತ್ತು ಪಟ್ಟು ವ್ಯಾಟು ಬೇಕು. ಪಡಸಾಲೆಯಲ್ಲಿ ಕೂತು ಕೇಳುವುದಕ್ಕೆ ಬಹಳ ಸಲ ಒಂದು ವ್ಯಾಟೂ ಪೂರ್ತಿ ಖರ್ಚಾಗುವುದಿಲ್ಲ. ಉಳಿದ ವ್ಯಾಟೆಲ್ಲ ಬೀಗರ ಮುಂದೆ ಹೇಳಿಕೊಳ್ಳುವುದಕ್ಕೆ.

ಕೊಳ್ಳುವ ಮೊದಲು ಕೇಳಿ ನೋಡಬೇಕು ಅಂದೆ. ಒಂದು ಭಾನುವಾರ ಅಳಿಯ ಹಾಸ್ಟೆಲಿನ ಗೆಳೆಯರ ಕೋಣೆಗಳಿಂದ ಮೂರು ಜೋಡಿ ಸ್ಪೀಕರನ್ನು ಮೋಟರ್‌ಸೈಕಲ್ಲಿನ ಮೇಲೆ, ನಡುವೆ ಒಬ್ಬ ಹುಡುಗನನ್ನು ಕೂಡಿಸಿ ಹಿಡಿಸಿಕೊಂಡು, ತಂದೇಬಿಟ್ಟ. ಅವುಗಳ ಕಂಪನಿ ಯಾವುದು ಎಂದು ನಾನು ಹೇಳುವುದಿಲ್ಲ; ನನ್ನ ಪಡಸಾಲೆಯಲ್ಲಿ, ನನ್ನ ಅರವತ್ತು ದಾಟಿದ ಕಿವಿಯಿಂದ ಆದ ತೀರ್ಮಾನ ಇನ್ನೊಬ್ಬರ ಮಾಲಿನ ಮೇಲೆ ತೀರ್ಪಾಗಬಾರದು. ದೊಡ್ಡದು, ನಡುವಿನದು, ಸಣ್ಣದು ಎಂದರೆ ಸಾಕು.

ಮೊದಲ ಸುತ್ತಿನಲ್ಲಿ ದೊಡ್ಡದು ಗೆದ್ದಿತು. ಎಲ್ಲರೂ ಒಪ್ಪಿದೆವು. ಆಗ ಅಳಿಯ ಮೊಬೈಲಿನಲ್ಲಿ ಸದ್ದು ಅಳೆಯುವ ಆಪು ತೆಗೆದು ತೋರಿಸಿದ: ದೊಡ್ಡದು ಉಳಿದೆರಡಕ್ಕಿಂತ ತುಸು ಜೋರಾಗಿ ಹಾಡುತ್ತಿತ್ತು. ಸ್ವಲ್ಪ ಜೋರಿದ್ದದ್ದು ಜೋರಿದೆ ಎಂದು ಕಿವಿಗೆ ತಿಳಿಯುವುದಿಲ್ಲವಂತೆ, ಚಲೋ ಇದೆ ಎಂದು ತಿಳಿಯುತ್ತದಂತೆ. ಅದಕ್ಕೇ ಅಂಗಡಿಯವರು ಮಾರಬೇಕಾದ ಮಾಲಿನ ಗುಂಡಿಯನ್ನು ಒಂದು ಎಳೆ ಹೆಚ್ಚು ತಿರುವಿಡುತ್ತಾರೆ. ಪಂಚಾಯ್ತಿ ಕಟ್ಟೆಯಲ್ಲಿ ಎಷ್ಟೋ ಸಲ ನಾನು ಯಾರ ಪರ ಕೈ ಎತ್ತಿದ್ದೆ, ಯಾಕೆ ಎತ್ತಿದ್ದೆ ಎಂದು ಆ ಕ್ಷಣ ಹೊಳೆದು ನಾಚಿಕೆಯಾಯಿತು. ದನಿ ಸಮ ಮಾಡಿ ಮತ್ತೆ ಹಚ್ಚಿದಾಗ ದೊಡ್ಡದರ ದೊಡ್ಡಸ್ತಿಕೆ ಅರ್ಧ ಇಳಿದಿತ್ತು.

ಎರಡನೆಯ ತಕರಾರು ಕಪಾಟಿನದು. ಇಂಗ್ಲಿಷಿನವರ ಪುಸ್ತಕದ ಕಪಾಟು ಕಟ್ಟಿಗೆಯದು, ಬೆನ್ನು ತೆರೆದದ್ದು. ನಮ್ಮದು ಗೋಡೆಯಲ್ಲೇ ತೋಡಿದ ಮಾಡಕ್ಕೆ ಸಿಮೆಂಟಿನ ಹಲಗೆ ಕೂಡಿಸಿದ್ದು. ಒಂದು ಜೋಡಿಯ ಗಾಳಿಯ ತೂತು ಬೆನ್ನಿಗಿತ್ತು. ಅದನ್ನು ಮಾಡದೊಳಗಿಟ್ಟರೆ ತಬಲಾದ ಡಗ್ಗಾ ಬಾವಿಗೆ ಬಿದ್ದು ಕೂಗಿದಂತೆ ಗುಂಯ್ ಅಂದಿತು. ದೋಷ ಸ್ಪೀಕರಿನದಲ್ಲ, ಗವಂಡಿಯದು. ಬೇಸು ಗೋಡೆಗೆ ಹತ್ತಿದಷ್ಟೂ ಉಬ್ಬುತ್ತದೆ, ಮೂಲೆಗೆ ಸರಿಸಿದರೆ ಇನ್ನೂ ಉಬ್ಬುತ್ತದೆ. ಹೀಗಾಗಿ ತೂತು ಮುಂದಿದ್ದದ್ದೇ ನಮ್ಮಂಥ ಮನೆಗೆ ವಾಸಿ. ಅಜ್ಜನ ಕಾಲದ ಮಣ್ಣಿನ ಗೋಡೆ, ಜಂತಿ, ಮೂಲೆಯ ಜೋಳದ ಚೀಲ ಇವೆಲ್ಲ ಸದ್ದನ್ನು ಕುಡಿಯುತ್ತಿದ್ದವು. ಈಗಿನ ಆರ್‌ಸಿಸಿ, ಟೈಲ್ಸು ಕುಡಿಯುವುದಿಲ್ಲ, ಉಗುಳುತ್ತವೆ. ನಮ್ಮಾಕಿ ನಾಲ್ಕು ಕೌದಿ ತಂದು ಹಿಂದಿನ ಗೋಡೆಗೆ ಇಳಿಬಿಟ್ಟಳು. ಅಳಿಯ ಬಾಯಿ ತೆರೆದು ನಿಂತ. ಸ್ಟುಡಿಯೋದವರು ಸಾವಿರಗಟ್ಟಲೆ ಸುರಿದು ಅಂಟಿಸುವ ಫೋಮಿನ ಕೆಲಸವನ್ನು ಹಳೆಯ ಸೀರೆಗಳು ಮಾಡಿದವು.

ಮೂರನೆಯದು ಕೂಡ್ರುವ ರೀತಿ. ಟ್ವೀಟರು ಕಿವಿಯ ಮಟ್ಟಕ್ಕೆ ಇರಬೇಕು, ಸಣ್ಣ ಸ್ವರಗಳು ಟಾರ್ಚಿನ ಬೆಳಕಿನಂತೆ ನೆಟ್ಟಗೆ ಹೋಗುತ್ತವೆ ಎಂದು ನಿಯಮ. ಆ ನಿಯಮ ಬರೆದವನು ಕುರ್ಚಿಯಲ್ಲಿ ಕೂತಿದ್ದ. ನಾವು ಜಮಖಾನೆಯ ಮೇಲೆ ಕೂತವರು. ಕಪಾಟಿನಲ್ಲಿಟ್ಟ ಸ್ಪೀಕರಿನ ಹಾಡು ತಲೆಯ ಮೇಲೆ ಹಾದು ಎದುರಿನ ಕ್ಯಾಲೆಂಡರಿಗೆ ಕೇಳಿಸುತ್ತಿತ್ತು. ಕೊನೆಗೆ ಬುಕ್‌ಶೆಲ್ಫ್ ಸ್ಪೀಕರು ಬುಕ್‌ಶೆಲ್ಫ್ ಬಿಟ್ಟು ಊಟದ ಎರಡು ಮಣೆಗಳ ಮೇಲೆ ಇಳಿಯಿತು. ಮುಂದೆ ಒಂದೊಂದು ಮೋಟು ಪುಸ್ತಕ ಕೊಟ್ಟು ಮೂತಿ ತುಸು ಮೇಲೆತ್ತಿದೆವು. ಎರಡು ಸ್ಪೀಕರು, ನಾನು, ಮೂರೂ ಸಮ ದೂರ. ಒಲೆಯ ಮೂರು ಗುಂಡಿನ ಲೆಕ್ಕ. ಆಗ ಗಾಯಕ ಎರಡು ಡಬ್ಬಿಯಿಂದ ಹೊರಬಿದ್ದು ನಡುವಿನ ಖಾಲಿ ಜಾಗದಲ್ಲಿ ಬಂದು ಕೂತ.

ಈಗ ಪರೀಕ್ಷೆ. ಮೊದಲು ತಂಬೂರಿ. ನಮ್ಮ ಸೀಮೆಯ ತಂಬೂರಿಗಳೆಲ್ಲ ಮಿರಜದ ಮಕ್ಕಳು; ಅಬ್ದುಲ್ ಕರೀಂ ಖಾನರು ನೆಲೆ ನಿಂತ ಆ ಊರಿನ ಸಿತಾರು-ತಂಬೂರಿಗೆ 2024ರಲ್ಲಿ ಭೌಗೋಳಿಕ ಗುರುತೂ ಸಿಕ್ಕಿದೆ. ಗಂಡಸರ ತಂಬೂರಿಯ ಖರ್ಜದ, ಅಂದರೆ ಕೆಳಗಿನ ಷಡ್ಜದ, ತಂತಿ ಕಾಳಿ ಏಕದ ಶ್ರುತಿಯಲ್ಲಿ ಸುಮಾರು 69 ಹರ್ಟ್ಜ್‌ಗೆ ಮಿಡಿಯುತ್ತದೆ. ನಮ್ಮ ಮೂರು ಜೋಡಿಯಲ್ಲಿ ಸಣ್ಣದು ಅಲ್ಲಿಗೆ ಇಳಿಯುವಂಥದ್ದೇ ಅಲ್ಲ. ಆದರೂ ಅದರಲ್ಲಿ ಖರ್ಜ ಕೇಳಿದಂತೆಯೇ ಅನ್ನಿಸಿತು! ಕುದುರೆಯ ಮೇಲೆ ಎಳೆದಿಟ್ಟ ಜೀವಾಳದ ದಾರ ತಂತಿಯಿಂದ ನೂರೆಂಟು ಮೇಲಿನ ಸ್ವರಗಳನ್ನು ಎಬ್ಬಿಸುತ್ತದೆ. ಆ ಮೊಮ್ಮಕ್ಕಳ ಮುಖ ನೋಡಿ ಇಲ್ಲದ ಅಜ್ಜನನ್ನು ಮೆದುಳು ತಾನೇ ನಿಲ್ಲಿಸಿಕೊಳ್ಳುತ್ತದೆ. ಪರವಾಗಿಲ್ಲ, ಅರ್ಧ ಸ್ಪೀಕರನ್ನು ದೇವರು ನಮ್ಮ ತಲೆಯೊಳಗೇ ಇಟ್ಟಿದ್ದಾನೆ.

ಇದು ಸುಳ್ಳಲ್ಲ ಎನ್ನುವುದಕ್ಕೆ ನಮ್ಮ ಕಡೆ ದೊಡ್ಡ ಸಾಕ್ಷಿ ಇದೆ. ಅಂಗಡಿಯೊಂದರಲ್ಲಿ ಕೇಳಿದ ಅಬ್ದುಲ್ ಕರೀಂ ಖಾನರ ತಟ್ಟೆ ಬಾಲಕ ಭೀಮಸೇನ ಜೋಶಿಯವರನ್ನು ಹಿಡಿದುಬಿಟ್ಟಿತು. 1933ರ ಸುಮಾರಿಗೆ, ಹನ್ನೊಂದು ವರ್ಷದ ಹುಡುಗ ಗುರುವನ್ನು ಹುಡುಕಿ ಮನೆ ಬಿಟ್ಟ. ಆ ಕಾಲದ ಗ್ರಾಮಫೋನಿನಲ್ಲಿ ಬೇಸು ಎಷ್ಟಿತ್ತು, ಟ್ರೆಬಲ್ ಎಷ್ಟಿತ್ತು? ಇಂದಿನ ಎರಡು ಸಾವಿರದ ಸ್ಪೀಕರು ಅದಕ್ಕಿಂತ ಎಷ್ಟೋ ಪಾಲು ಮೇಲು. ಆದರೆ ಇದನ್ನು ಕೇಳಿ ಮನೆ ಬಿಟ್ಟವರನ್ನು ನಾನು ಕಂಡಿಲ್ಲ, ಕೋಣೆ ಬಿಟ್ಟವರನ್ನು ಮಾತ್ರ ಕಂಡಿದ್ದೇನೆ.

ತಂಬೂರಿಯ ನಂತರ ಕುಮಾರ ಗಂಧರ್ವ. 1924ರಲ್ಲಿ ಬೆಳಗಾವಿ ಹತ್ತಿರದ ಸುಳೇಭಾವಿಯಲ್ಲಿ ಹುಟ್ಟಿ, ಕ್ಷಯಕ್ಕೆ ಒಂದು ಶ್ವಾಸಕೋಶ ತೆತ್ತು, ದೂರದ ದೇವಾಸದಲ್ಲಿ ವರ್ಷಗಟ್ಟಲೆ ಹಾಡದೆ ಮಲಗಿ, ಮತ್ತೆ ಎದ್ದು ಹಾಡಿದ ಕಂಠ. ಪಿಸುಮಾತಿನಷ್ಟು ಸಣ್ಣಗೆ ಇದ್ದದ್ದು ಏಕಾಏಕಿ ತಾರಕ್ಕೆ ಚಿಮ್ಮುತ್ತದೆ. ದೊಡ್ಡ ಜೋಡಿ ಚಿಮ್ಮಿದ್ದನ್ನು ಚಂದ ಹೇಳಿತು, ಪಿಸುಮಾತನ್ನು ನುಂಗಿತು. ನಡುವಿನದು ಎರಡನ್ನೂ ಹೇಳಿತು. ಸಣ್ಣದು ಪಿಸುಮಾತನ್ನು ಹೇಳಿ ಚಿಮ್ಮುವಾಗ ಕೆಮ್ಮಿತು.

ಈ ಹೊತ್ತಿಗೆ ಒಳಗಿನಿಂದ ಬರಬೇಕಾದ ಮಾತು ಬಂತು: “ಸಣ್ಣಗ ಹಚ್ಚಪಾ!”

ಅಳಿಯ ಗುಂಡಿ ಇಳಿಸಿದ. ಇಳಿಸುತ್ತ ಹೋದಂತೆ ಒಂದು ಹೊಸ ಸಂಗತಿ ಆಯಿತು. ದೊಡ್ಡದರ ಬೇಸು ಎಲ್ಲಿಗೋ ಹೋಯಿತು, ಹಾಡು ತೆಳ್ಳಗಾಗಿ ನೀರು ಮಜ್ಜಿಗೆಯಾಯಿತು. ಅಳಿಯನ ಪಠ್ಯದಲ್ಲಿ ಇದಕ್ಕೂ ಉತ್ತರವಿತ್ತು. ಅಮೆರಿಕದಲ್ಲಿ ಫ್ಲೆಚರ್, ಮನ್ಸನ್ ಎಂಬಿಬ್ಬರು 1933ರಲ್ಲಿ, ಭೀಮಸೇನರು ಮನೆ ಬಿಟ್ಟ ಕಾಲಕ್ಕೇ ಸರಿಯಾಗಿ, ಜನರ ಕಿವಿ ಅಳೆದು ತೋರಿಸಿದ್ದರು: ಸದ್ದು ಸಣ್ಣದಾದಂತೆ ಕಿವಿ ಕೆಳಗಿನ ಸ್ವರಗಳಿಗೆ ಮೊದಲು ಕಿವುಡಾಗುತ್ತದೆ. ಅಂದರೆ ಜೋರಾಗಿ ಹಚ್ಚಿ ಚೆನ್ನಾಗಿ ಕೇಳಿಸುವುದು ಸ್ಪೀಕರಿನ ಹೆಚ್ಚುಗಾರಿಕೆಯೇನಲ್ಲ, ಅದಕ್ಕೆ ಕಿವಿಯೇ ಕೈಜೋಡಿಸುತ್ತದೆ. ಸಣ್ಣಗೆ ಹಚ್ಚಿದಾಗಲೂ ಹಾಡು ಹಾಡಾಗಿ ಉಳಿಯುವುದೇ ಕಷ್ಟದ ಪರೀಕ್ಷೆ. ಐವತ್ತು ವರ್ಷದಿಂದ ಅವ್ವ ನಮ್ಮ ಮನೆಗೆ ಬಂದ ಪ್ರತಿಯೊಂದು ಡಬ್ಬಿಯನ್ನೂ ಆ ಪರೀಕ್ಷೆಗೆ ಕೂಡಿಸುತ್ತಿದ್ದಳು. ಪಾಸಾದದ್ದು ಒಂದೂ ಇರಲಿಲ್ಲ.

ನಡುವಿನದು ಪಾಸಾಯಿತು. ಬೇಸಿನ ಗುಂಡಿಯನ್ನು ಒಂದು ಎಳೆ ಏರಿಸಿದ ಮೇಲೆ ಅವ್ವನ ಮಟ್ಟದಲ್ಲೂ ತಂಬೂರಿ ತಂಬೂರಿಯಾಗೇ ಇತ್ತು. ಹತ್ತು ಸಾವಿರದೊಳಗೆ ಅಂಥದೇ ಜೋಡಿ ತರಿಸಿದೆ. ಬಂದ ಮೊದಲ ದಿನವೇ ಹಾಡಿನ ಹಿಂದೆ ಜೇನುಗೂಡಿನ ಗುಂಯ್‌ಗುಡುವಿಕೆ. ಸ್ಪೀಕರು ಕೆಟ್ಟದ್ದು ಬಂತೆಂದು ಎದೆ ಒಡೆಯಿತು. ಅಳಿಯ ಬಂದು, ಹಾಡು ಹಚ್ಚಿದ್ದ ಲ್ಯಾಪ್‌ಟಾಪಿನ ಚಾರ್ಜರು ಕಿತ್ತ, ಜೇನು ಹಾರಿಹೋಯಿತು. ಸ್ಪೀಕರು, ಲ್ಯಾಪ್‌ಟಾಪು ಎರಡೂ ಬೇರೆ ಬೇರೆ ಪ್ಲಗ್ಗಿನಿಂದ ನೆಲದ ವಾಯರು ಹಿಡಿದರೆ ಹೀಗಾಗುತ್ತದಂತೆ. ಒಂದೇ ಬೋರ್ಡಿಗೆ ಕೊಟ್ಟ ಮೇಲೆ ತಂಟೆ ನಿಂತಿತು. ನಮ್ಮ ತಾಲ್ಲೂಕಿಗೆ ಕರೆಂಟು ಹಂಚುವುದು 1969ರಲ್ಲಿ ಹುಟ್ಟಿದ ಹುಕ್ಕೇರಿ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ. ಕರೆಂಟಿನಲ್ಲೇ ಸಹಕಾರ ಇರುವ ಊರಲ್ಲಿ ಎರಡು ಪ್ಲಗ್ಗು ಹೊಂದಿಕೊಳ್ಳದಿದ್ದರೆ ಹೇಗೆ ಎಂದು ಅಳಿಯನಿಗೆ ತಮಾಷೆ ಮಾಡಿದೆ.

ಒಂದು ಸಂಜೆ ಅವ್ವ ಗೋಡೆಗೊರಗಿ ಕೂತು ಬತ್ತಿ ಹೊಸೆಯುತ್ತಿದ್ದಳು. ಕೇಳಿಯೇಬಿಟ್ಟೆ: “ಅವ್ವಾ, ಅಪ್ಪನ ಕಾಲದಿಂದ ಸಣ್ಣಗ ಸಣ್ಣಗ ಅಂತೀಯಲ್ಲ, ಹಾಡು ನಿನಗ ಸೇರಂಗಿಲ್ಲೇನ?”

“ಸೇರಲಾರದಂಥಾದ್ದು ಅವೇನು ಮಾಡ್ಯಾವೋ?” ಅಂದಳು. ಬತ್ತಿ ಹೊಸೆಯುವ ಕೈ ನಿಲ್ಲಲಿಲ್ಲ. “ತೊಟ್ಲಾಗಿನ ಕೂಸು ಅತ್ತರ ಕೇಳಬೇಕು. ಒಲಿ ಮ್ಯಾಲಿನ ಹಾಲು ಉಕ್ಕಿದರ ಕೇಳಬೇಕು. ಕೊಟಗ್ಯಾಗ ಎಮ್ಮಿ ಹಗ್ಗ ಹರಕೊಂಡರ ಕೇಳಬೇಕು. ನೀವೆಲ್ಲಾ ಹಾಡು ಕೇಳ್ತಿದ್ರಿ. ಮನಿ ಕೇಳಾಕಿ ನಾ ಒಬ್ಬಾಕೆ ಇದ್ದೆ.”

ನನಗೆ ಮುಂದೆ ಮಾತು ಹೊಳೆಯಲಿಲ್ಲ. ಎದ್ದು, ಇದ್ದ ದನಿಯನ್ನೇ ಇನ್ನೊಂದು ಎಳೆ ಇಳಿಸಿ ಬಂದು ಕೂತೆ. ಮನಸೂರರು ವಿಲಂಬಿತದಲ್ಲಿ ಸಮದ ಕಡೆ ನಡೆದಿದ್ದರು. ತಬಲಾದ ಎರಡು ಪೆಟ್ಟಿನ ನಡುವೆ ತಂಬೂರಿ, ತಂಬೂರಿಯ ಹಿಂದೆ ಕೊಟ್ಟಿಗೆಯಲ್ಲಿ ಎಮ್ಮೆ ಮೆಲುಕು ಹಾಕುವ ಸದ್ದು, ಅದರಾಚೆ ಅಂಗಳದಲ್ಲಿ ಒಂದು ಸಣ್ಣ ಬುಸ್. ನೀರು ಬರುವ ಮೊದಲು ನಳ ಗಾಳಿ ಉಗುಳುವ ಸದ್ದು ಅದು. ಇಷ್ಟು ವರ್ಷದಲ್ಲಿ ಒಮ್ಮೆಯೂ ಅವ್ವನಿಗಿಂತ ಮೊದಲು ಅದು ನನ್ನ ಕಿವಿಗೆ ಬಿದ್ದಿರಲಿಲ್ಲ.

“ಅವ್ವಾ, ನಳ ಬಂತು.”

ಅವ್ವ ಒಂದು ಗಳಿಗೆ ನನ್ನ ಮುಖ ನೋಡಿದಳು.

“ಹಂಗಾರ ಎದ್ದು ಕೊಡ ಹಚ್ಚು,” ಅಂದಳು.